ಹೊಸ ಸೇನೆಯ ಮೊದಲ ಆಜ್ಞೆ

ಹೊಸ ರಾಷ್ಟ್ರೀಯ ಸೇನೆ ಹೊರಡಿಸಿದ ಮೊದಲ ಆಜ್ಞೆ ಬಂದೂಕಿನ ಬಗ್ಗೆಯಲ್ಲ, ಗಡ್ಡದ ಬಗ್ಗೆ. ನಗಬೇಡಿ. ನಮ್ಮದು ಮೂರು ತಲೆಮಾರಿನಿಂದ ಸೇನೆಗೆ ಕ್ಷೌರ ಮಾಡುವ ಮನೆ. ಅಜ್ಜ ರಾಜನ ಕಾವಲುಪಡೆಗೆ ಮಾಡಿದವನು. ಆಗ ಮೀಸೆ ಎಷ್ಟು ದಪ್ಪವೋ ಹುದ್ದೆ ಅಷ್ಟು ದೊಡ್ಡದು. ಅಪ್ಪನ ಕಾಲಕ್ಕೆ ರಾಜ ಹೋಗಿ ಪರದೇಶದ ಅಧಿಕಾರಿಗಳು ಬಂದರು, ಮೀಸೆಯೂ ಹೋಯಿತು. ನನ್ನ ಕಾಲಕ್ಕೆ ಅವರೂ ಗಂಟುಮೂಟೆ ಕಟ್ಟಿದರು. ಸೇನೆ ನಮ್ಮದೇ ಆಯಿತು. ಆಗಿದ್ದೇ ತಡ, ಎರಡಾಗಿ ಒಡೆಯಿತು. ಒಂದು ಪಾಲು ಸರ್ಕಾರದ ಸೇನೆ, ಇನ್ನೊಂದು ಪಾಲು ಕಾಡು ಸೇರಿದ ಬಂಡುಕೋರರು.

ವರ್ಷಗಟ್ಟಲೆ ಬಡಿದಾಡಿ ಇಬ್ಬರಿಗೂ ಸುಸ್ತಾದ ಮೇಲೆ ದೊಡ್ಡವರು ಕೂತು ರುಜು ಹಾಕಿದರು: ಇನ್ನು ಒಂದೇ ಸೇನೆ. ಪ್ರತಿ ತುಕಡಿಯಲ್ಲೂ ಅರ್ಧ ಅವರು, ಅರ್ಧ ಇವರು. ಯಾರು ಯಾವ ಕಡೆಯವರೆಂದು ಮುಖ ನೋಡಿ ಗೊತ್ತಾಗಬಾರದು, ಆದ್ದರಿಂದ ಕಾಡಿನವರ ಗಡ್ಡ ಹೋಗಬೇಕು. ಕವಾಯತು ಮೈದಾನದಲ್ಲಿ ಇನ್ನೊಂದು ಮಾತನ್ನೂ ಓದಿ ಹೇಳಿದರು. ಕಾಡಿನವರಿಗೆಲ್ಲ ಕ್ಷಮೆ ಉಂಟು. ಆದರೆ ಸರ್ಕಾರದ ಸೇನೆ ಬಿಟ್ಟು ಓಡಿಹೋಗಿ ಅವರನ್ನು ಸೇರಿಕೊಂಡವನಿಗೆ ಇಲ್ಲ. ಅಂಥವನು ಸಿಕ್ಕಿದರೆ ಗುಂಡು. ಸರಿಯಾಗಿದೆ ಅಂದುಕೊಂಡೆ ನಾನು.

ಯಾಕೆಂದರೆ ನನ್ನ ಒಬ್ಬನೇ ಮಗ ಸರ್ಕಾರದ ಸೇನೆಯಲ್ಲಿದ್ದ. ನದಿಯ ಸೇತುವೆಯ ಕಾಳಗದಲ್ಲಿ ಸತ್ತನೆಂದು ಮೊಳೆ ಹೊಡೆದ ಪೆಟ್ಟಿಗೆ ಮನೆಗೆ ಬಂತು. ತೆರೆಯಬೇಡಿ, ನೋಡುವ ಹಾಗಿಲ್ಲ ಅಂದರು. ತೆರೆಯದೆಯೇ ಮಣ್ಣು ಮಾಡಿದೆವು. ಪೆಟ್ಟಿಗೆ ತಂದವನು ಅವನಿಗೆ ಕವಾಯತು ಕಲಿಸಿದ ಹವಾಲ್ದಾರನೇ. ಆತ ಅಂದು ನಮ್ಮ ಹೊಸ್ತಿಲ ಮೇಲೆ ಕೂತು ಮಕ್ಕಳ ಹಾಗೆ ಅತ್ತಿದ್ದ.

ಅದೇ ಹವಾಲ್ದಾರ ಈಗ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ನಾನು ಬೋಳಿಸಿದ ಪ್ರತಿ ಮುಖವನ್ನೂ ಬೆಳಕಿಗೆ ತಿರುಗಿಸಿ ನೋಡಿ, ಗುರುತಿನ ಚೀಟಿಯ ಫೋಟೋಗೆ ಕಳಿಸುವುದು ಅವನ ಕೆಲಸ. ಕೋಣೆ ಎಂದರೆ ಸ್ನಾನದ ಮನೆಯ ಮಗ್ಗುಲು. ತಗಡಿನ ಮಾಡು, ಒಂದು ಕುರ್ಚಿ, ಒಂದು ಕನ್ನಡಿ, ಹಂಡೆಯಲ್ಲಿ ಬಿಸಿನೀರು. ನೆಲದ ಮೇಲೆ ಗುಡಿಸಿದಷ್ಟೂ ಮುಗಿಯದ ಕೂದಲು.

"ಗಡ್ಡ ಹೋದ್ರೆ ನನ್ನ ಹೆಂಡ್ತಿ ಮನೆಯೊಳಗೆ ಸೇರಿಸಲ್ಲ ಮಾವ," ಅಂದ ಒಬ್ಬ ದಡಿಯ.

"ಸೇರಿಸ್ದೆ ಇದ್ರೆ ವಾಪಸ್ ಬಾ. ಅಂಟಿಸಿ ಕಳಿಸ್ತೀನಿ," ಅಂದೆ.

ಶಿಬಿರದಲ್ಲಿ ಎಲ್ಲರೂ ನನ್ನನ್ನು ಕತ್ತಿ ಮಾವ ಎಂದೇ ಕರೆಯುವುದು. ಬಾಯಲ್ಲಿ ತಮಾಷೆ, ಹೊಟ್ಟೆಯೊಳಗೆ ಮಾತ್ರ ಬೆಂಕಿ. ನನ್ನ ಮಗನನ್ನು ಕೊಂದವನು ಇವನೋ, ಇವನ ಹಿಂದಿನವನೋ ಎಂದು ಪ್ರತಿ ಗಂಟಲಿಗೆ ಕತ್ತಿ ಇಟ್ಟಾಗಲೂ ಅನಿಸುತ್ತಿತ್ತು. ಹಾಗಂತ ಕೈ ತಪ್ಪಿದವನಲ್ಲ.

ಮುಂದಿನವನು ಬಂದು ಕಣ್ಣು ಮುಚ್ಚಿಕೊಂಡೇ ಕೂತ. ಕಡ್ಡಿಯಂಥ ಮೈ, ಎದೆ ಮುಟ್ಟುವ ಗಡ್ಡ. ಕತ್ತರಿಯಲ್ಲಿ ಗಿಡ್ಡ ಮಾಡಿ ನೊರೆ ಹಚ್ಚಿದೆ. ಬಲಗೆನ್ನೆ ಮುಗಿಸಿ ಎಡದವಡೆಯ ಕೆಳಗೆ ಬಂದಾಗ ನನ್ನ ಕೈ ತಾನಾಗಿಯೇ ಕತ್ತಿಯನ್ನು ಮೇಲ್ಮುಖವಾಗಿ ತಿರುಗಿಸಿತು. ಅಲ್ಲಿ ಕೂದಲಿನ ಸುಳಿ ಇತ್ತು. ಆ ಸುಳಿ ಇದೆಯೆಂದು ನನ್ನ ಕೈಗೆ ಹೇಗೆ ಗೊತ್ತು?

ಆ ದವಡೆಯ ಮೊದಲ ಕ್ಷೌರ ಮಾಡಿದವನೇ ನಾನು.

"ಅಪ್ಪಾ," ಎಂದ ತುಟಿ ಅಲುಗದ ಹಾಗೆ. "ಮಾತಾಡ್ಬೇಡ."

ಕಿರುಚಬೇಕೆನಿಸಿತು. ತಬ್ಬಿಕೊಳ್ಳಬೇಕೆನಿಸಿತು. ಕೆನ್ನೆಗೆ ಬಾರಿಸಿ, ನಿನ್ನಮ್ಮ ಅರ್ಧ ಜೀವ ಆಗಿದಾಳೆ ಕಣೋ ಪಾಪಿ ಎಂದು ಬೈಯಬೇಕೆನಿಸಿತು. ನಾವು ಮಣ್ಣು ಮಾಡಿದ್ದು ಯಾರನ್ನು? ಯಾರ ತಾಯಿ ಇನ್ನೂ ಬಾಗಿಲು ಕಾಯುತ್ತಿದ್ದಾಳೆ? ಇದೆಲ್ಲ ಒಂದೇ ಉಸಿರಿನಲ್ಲಿ ನುಗ್ಗಿ ಬಂತು. ಅದರ ಹಿಂದೆಯೇ ಮೈದಾನದಲ್ಲಿ ಓದಿದ ಆ ಮಾತೂ ಬಂತು. ಕತ್ತಿ ದವಡೆಯ ಮೇಲೆಯೇ ನಿಂತುಬಿಟ್ಟಿತ್ತು.

"ಏನ್ ಮಾವ, ಕತ್ತಿ ನಿಂತ್ಬಿಡ್ತು? ವಯಸ್ಸಾಯ್ತಾ?" ಹವಾಲ್ದಾರ ಬಾಗಿಲು ಬಿಟ್ಟು ನಮ್ಮ ಕಡೆ ನಡೆದು ಬಂದ. "ಎಲ್ಲಿ, ಇವನ ಮುಖ ನೋಡೋಣ."

ಅರ್ಧ ಮುಖದ ಮೇಲೆ ಇನ್ನೂ ನೊರೆ ಇತ್ತು. ಆ ನೊರೆ ಒರೆಸಿದರೆ ಮುಗಿಯಿತು. ತಾನೇ ತಿದ್ದಿ ಬೆಳೆಸಿದ ಹುಡುಗನನ್ನು ಹವಾಲ್ದಾರ ಗುರುತಿಸದೆ ಇರುತ್ತಾನೆಯೇ? ಮಗ ಈಗ ಕಣ್ಣು ಬಿಟ್ಟ. ನನ್ನನ್ನು ನೋಡಿದ, ಕತ್ತಿಯನ್ನು ನೋಡಿದ. ಆಮೇಲೆ ಗದ್ದ ಮೇಲೆತ್ತಿ ಮುಖವನ್ನು ನನ್ನ ಕೈಗೆ ಒಪ್ಪಿಸಿಬಿಟ್ಟ.

ಕೆನ್ನೆಯ ಮೂಳೆಯಿಂದ ತುಟಿಯ ಅಂಚಿನವರೆಗೆ ಕತ್ತಿ ಎಳೆದೆ.

ಬಿಳಿ ನೊರೆ ಕೆಂಪಾಯಿತು. ಯಾರೋ ಕೂಗಿದರು, ಯಾರೋ ಟವೆಲ್ ತಂದು ಇಡೀ ಮುಖಕ್ಕೆ ಒತ್ತಿದರು, ಇಬ್ಬರು ಅವನನ್ನು ಆಸ್ಪತ್ರೆಯ ಕಡೆ ಓಡಿಸಿಕೊಂಡು ಹೋದರು. ಹವಾಲ್ದಾರ ನನ್ನ ಮಣಿಕಟ್ಟು ಹಿಡಿದು ಕತ್ತಿ ಕಿತ್ತುಕೊಂಡ. ಎಲ್ಲರಿಗೂ ಕೇಳುವಂತೆ ಬೈದ. ಆಮೇಲೆ ಹಂಡೆಯ ಮರೆಗೆ ಎಳೆದು, ಕಿವಿಯ ಹತ್ತಿರ ಬಗ್ಗಿ ಹೇಳಿದ: "ನಂಗೆ ಅರ್ಥ ಆಗುತ್ತೆ ಮಾವ. ನಿಮ್ಮ ಮಗನ ಸೇಡು ತೀರಿಸ್ಕೊಂಡ್ರಿ. ಕೈ ಜಾರ್ತು ಅಂತ ಬರೆಸ್ತೀನಿ. ಮನೆಗ್ ಹೋಗಿ, ಇನ್ನು ಈ ಕಡೆ ಬರ್ಬೇಡಿ."

ಅವನ ಕಣ್ಣಲ್ಲಿ ನೀರಿತ್ತು.

ಮನೆಗೆ ಹೋದೆ. ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ಬಾಗಿಲು ಹಾಕಿ, ಅವಳ ಪಕ್ಕ ಕೂತು ಎಲ್ಲವನ್ನೂ ಪಿಸುಗುಟ್ಟಿದೆ. ಹೇಗೆ ಬದುಕಿದ, ಯಾಕೆ ಅವರನ್ನು ಸೇರಿದ, ಒಂದನ್ನೂ ಕೇಳಲಿಲ್ಲ ಅವಳು.

"ಎಷ್ಟು ಆಳ?" ಅಂದಳು.

ಹೆಬ್ಬೆರಳಿನ ಉಗುರು ತೋರಿಸಿದೆ.

"ಕೂಗಿದ್ನಾ?"

"ಇಲ್ಲ."

ಆಗ ಅವಳಿಂದ ಬಂದ ಸದ್ದನ್ನು ನಾನು ಪೆಟ್ಟಿಗೆ ಬಂದ ದಿನವೂ ಕೇಳಿರಲಿಲ್ಲ. ಬಾಯಿ ಮುಚ್ಚಲು ಹೋದೆ. ನನ್ನ ಬಲಗೈಯನ್ನು ಕಂಡವಳೇ ಗೋಡೆಗೆ ಸರಿದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು, ತೆರೆದೆ. ಪಕ್ಕದ ಮನೆಯ ಅಜ್ಜಿ ಒಳಗೆ ಬಂದು ಅವಳನ್ನು ಮಡಿಲಿಗೆ ಎಳೆದುಕೊಂಡು ತಲೆ ಸವರಿದಳು.

"ಮತ್ತೆ ಮಗ ನೆನಪಾದ್ನಾ? ಹೋದವನು ಹೋದ ಕಣಮ್ಮ. ಇನ್ನು ಬರಲ್ಲ ಅಂತ ಮನಸ್ಸು ಗಟ್ಟಿ ಮಾಡ್ಕೋಬೇಕು. ಹೌದೋ ಅಲ್ವೋ?"

ಹೆಂಡತಿ ನನ್ನ ಮುಖ ನೋಡಿದಳು.

"ಹೌದು," ಅಂದಳು.