ಬಾಯಿ ತೆರೆದವರಿಗೆ ಹಾಡು ಬಿಟ್ಟಿ

ಹಲ್ಲು ಕೀಳಿಸಲು ನಾನೂರು. ಹುಳುಕು ತುಂಬಿಸಲು ಆರುನೂರು. ಬೇರಿನ ಚಿಕಿತ್ಸೆಗೆ ಮೂರು ಸಾವಿರದ ಮೇಲೆ, ಆಮೇಲೆ ಅದಕ್ಕೆ ಹಾಕುವ ಕ್ಯಾಪಿಗೆ ಬೇರೆಯೇ ಲೆಕ್ಕ. ಕ್ಯಾಪನ್ನು ಟೋಪಿ ಎನ್ನಬೇಡಿ ಎಂದು ಡಾಕ್ಟರು ನನಗೆ ಹೇಳಿದ್ದಾರೆ. ದುಡ್ಡು ತೆಗೆದುಕೊಂಡು ಟೋಪಿ ಹಾಕಿದೆವು ಎಂದರೆ ಯಾರಿಗೆ ಚೆನ್ನಾಗಿ ಕೇಳುತ್ತದೆ? ಇಷ್ಟೂ ದರ ಗೋಡೆಯ ಮೇಲೆ ಬರೆದಿದೆ. ಹಾಡು ಬಿಟ್ಟಿ ಎನ್ನುವುದು ಮಾತ್ರ ಬರೆದಿಲ್ಲ. ಬರೆದಿದ್ದರೆ ಕೆಲವರಾದರೂ ಮೊದಲೇ ಎಚ್ಚರವಾಗುತ್ತಿದ್ದರು.

ನಾನು ಈ ಕ್ಲಿನಿಕ್ಕಿಗೆ ಸೇರಿದ್ದು ಡಾಕ್ಟರ ಅಪ್ಪನ ಕಾಲದಲ್ಲಿ. ಅವರು ಮಾತಿಲ್ಲದೆ ಹಲ್ಲು ಕೀಳುತ್ತಿದ್ದ ಮನುಷ್ಯ. ಮಗ ತದ್ವಿರುದ್ಧ ಎನ್ನುವಂತಿಲ್ಲ. ಹೊರಗೆ ಅವರೂ ಮೂಕರೇ. ಎದುರುಮನೆಯವರು ನಕ್ಕರೆ ಇವರು ಚಪ್ಪಲಿ ನೋಡಿಕೊಳ್ಳುತ್ತಾರೆ. ಆದರೆ ಕುರ್ಚಿಯಲ್ಲಿ ಒಬ್ಬರು ಬಾಯಿ ತೆರೆದು ಮಲಗಿದರೆ ಸಾಕು, ಕಟ್ಟೆ ಒಡೆದ ಹಾಗೆ. ಬಾಯಿ ತುಂಬ ಸಾಮಾನು ಇರುವವರು ಬೇಡ ಎನ್ನಲಾರರಲ್ಲ.

ಅವರ ಹುಚ್ಚು ಏನೆಂದರೆ ಹಾಡು. ಸಿನಿಮಾದ್ದಲ್ಲ, ಎಲ್ಲರೂ ಕೇಳುವಂಥದ್ದಲ್ಲ. ಯಾವ ಕಂಪನಿಯ ಹಂಗೂ ಇಲ್ಲದೆ ತಮ್ಮ ಕೋಣೆಯಲ್ಲೇ ಕೂತು ಹಾಡು ಕಟ್ಟುವವರು ಇರುತ್ತಾರಂತೆ, ಅವರದು ಇಂಡೀ. ವಾದ್ಯವೆಲ್ಲ ಕಂಪ್ಯೂಟರಿನೊಳಗೇ ಇದ್ದರೆ ಎಲೆಕ್ಟ್ರಾನಿಕ್. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚಿ ಬೇರೆ ರೀತಿ ಜೋಡಿಸಿದರೆ ರೀಮಿಕ್ಸ್. ಅವರ ಪಕ್ಕದಲ್ಲಿ ಉಗುಳು ಎಳೆಯುವ ಪೈಪು ಹಿಡಿದು ನಿಂತವಳಿಗೆ ಇಷ್ಟು ಗೊತ್ತಾಗದೆ ಇರಲು ಸಾಧ್ಯವಿಲ್ಲ. ಮನೆಯಲ್ಲಿ ಹೆಂಡತಿ ಇದಕ್ಕೆ ಅವಕಾಶ ಕೊಟ್ಟಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ಇದೆಯಲ್ಲ, ಗರಗರ ಬೇಕಾದರೆ ಅದನ್ನೇ ಹಾಕಿಕೊಳ್ಳಿ ಎಂದಿದ್ದಾರಂತೆ.

ಇದ್ದವುಗಳಲ್ಲೇ ಅವರ ಕಣ್ಮಣಿ ಒಂದು ರೀಮಿಕ್ಸ್. ಯಾವಳೋ ಹುಡುಗಿ ತನ್ನ ಅಡುಗೆಮನೆಯಲ್ಲಿ ಕೂತು ಹಾಡಿದ್ದು, ಇನ್ಯಾರೋ ಅದಕ್ಕೆ ಡ್ರಮ್ಮು ಕೂರಿಸಿ ಎಳೆದು ಉದ್ದ ಮಾಡಿದ್ದು. ಮರಗಟ್ಟುವ ಇಂಜೆಕ್ಷನ್ ಕೊಟ್ಟ ಕೂಡಲೇ ಅದನ್ನು ಹಾಕುತ್ತಾರೆ. ಹಾಡು ಮುಗಿಯುವಾಗ ತುಟಿ ಸರಿಯಾಗಿ ಮರಗಟ್ಟಿರುತ್ತದೆ. ನನಗೆ ಗಡಿಯಾರವೇ ಬೇಡ. ಅಲ್ಲಿಯವರೆಗೆ ಡಾಕ್ಟರ ವಿವರಣೆ. ಈಗ ಡ್ರಮ್ಮು ಬರುತ್ತೆ, ಇನ್ನೂ ಬಂದಿಲ್ಲ, ತಡೀರಿ, ಈಗ, ಬಂತು ನೋಡಿ. ಮಲಗಿದವರ ಕಣ್ಣೆಲ್ಲ ಟ್ರೇಯಲ್ಲಿರುವ ಇಕ್ಕಳದ ಮೇಲೆ. ಕೋಣನ ಮುಂದೆ ಕಿನ್ನರಿ ಎನ್ನುತ್ತಾರೆ. ಇಲ್ಲಿ ಕೋಣನದೂ ತಪ್ಪಿಲ್ಲ, ಪಾಪ, ಅದಕ್ಕೆ ಹಲ್ಲುನೋವು.

ಚಿಕಿತ್ಸೆ ಮುಗಿದ ಮೇಲೆ ಔಷಧಿ ಚೀಟಿಯ ಹಿಂಬದಿಯಲ್ಲಿ ಹಾಡಿನ ಹೆಸರು ಬರೆದುಕೊಡುತ್ತಿದ್ದರು. ಕೆಳಗಿನ ಔಷಧಿ ಅಂಗಡಿಯವನು ಒಮ್ಮೆ ಮೇಲೆ ಬಂದು, ಈ ಹಿಂದಿನದು ನಮ್ಮಲ್ಲಿ ಸ್ಟಾಕ್ ಇಲ್ಲ, ಬದಲಿಗೆ ಬೇರೆ ಕೊಡಲೇ ಎಂದು ಕೇಳಿದ್ದ. ಆಮೇಲೆ ಅವರು ಬೇರೆಯೇ ಕಾಗದದಲ್ಲಿ ಬರೆಯತೊಡಗಿದರು. ಆ ಕಾಗದಗಳು ಮೆಟ್ಟಿಲ ಬುಡದಲ್ಲಿ ಬಿದ್ದಿರುತ್ತಿದ್ದವು. ಡಾಕ್ಟರು ಇಳಿಯುವ ಮುಂಚೆ ನಾನು ಹೋಗಿ ಆರಿಸಿಕೊಂಡುಬಿಡುತ್ತಿದ್ದೆ. ನೋಡಿದರೆ ಅವರಿಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದಾದರೂ ಏನು? ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು ವಾಪಸು ಬಂದು ‘ಕೇಳಿದೆ ಡಾಕ್ಟ್ರೇ’ ಎನ್ನಬೇಕು, ಅಷ್ಟೇ. ಅಷ್ಟು ವರ್ಷಗಳಲ್ಲಿ ಅಂಥವರೊಬ್ಬರೂ ಬಂದಿರಲಿಲ್ಲ.

ಹಾಗಿರುವಾಗ ವಕೀಲಮ್ಮ ಬಂದರು. ಐವತ್ತು ದಾಟಿದ ಹೆಂಗಸು, ಕೋರ್ಟಿನ ಕರಿ ಕೋಟು ಕೈಮೇಲೆ, ದವಡೆ ಊದಿ ಮುಖ ಒಂದು ಕಡೆ ವಾಲಿದೆ. ಬೇರಿನ ಚಿಕಿತ್ಸೆ, ಮೂರು ಸಲ ಬರಬೇಕು ಎಂದಾಯಿತು. ಮೊದಲ ಸಲ ಇಂಜೆಕ್ಷನ್, ರೀಮಿಕ್ಸ್, ವಿವರಣೆ ಎಲ್ಲ ಯಥಾಪ್ರಕಾರ. ನಾನು ಗಮನಿಸಿದ್ದು ಒಂದೇ. ಅವರ ಕಾಲ್ಬೆರಳು ತಾಳ ಹಾಕುತ್ತಿತ್ತು. ನೋವಿಗೆ ಇರಬೇಕು ಅಂದುಕೊಂಡೆ. ಆವತ್ತು ಮೆಟ್ಟಿಲ ಬುಡದಲ್ಲಿ ಕಾಗದ ಸಿಗಲಿಲ್ಲ.

ಎರಡನೇ ಸಲ ಕುರ್ಚಿಯಲ್ಲಿ ಕೂರುತ್ತಲೇ ಅವರು ಹೇಳಿದರು: “ಕೇಳಿದೆ ಡಾಕ್ಟ್ರೇ, ನಿಮ್ಮ ಹಾಡು. ಮೂಲದ್ದೂ ಹುಡುಕಿ ಕೇಳಿದೆ.”

ಡಾಕ್ಟರ ಕೈಯಲ್ಲಿದ್ದ ಪುಟ್ಟ ಕನ್ನಡಿ ಟ್ರೇಗೆ ಬಿತ್ತು. ಮಾಸ್ಕಿನ ಮೇಲೆ ಕಾಣುವುದು ಕಣ್ಣು ಮಾತ್ರ, ಅದೇ ಅರ್ಧ ಕೋಣೆ ಬೆಳಗುವ ಹಾಗೆ ಅರಳಿತು.

“ಆದ್ರೆ,” ಅಂದರು ವಕೀಲಮ್ಮ, “ಆ ರೀಮಿಕ್ಸ್ ಮಾಡಿದವನು ಹಾಡನ್ನ ಹಾಳು ಮಾಡಿದಾನೆ.”

“ಅಕ್ಕ, ಹತ್ತಿ,” ಅಂದರು ಡಾಕ್ಟರು.

ಹಲ್ಲಿನ ಸುತ್ತ ಒದ್ದೆಯಾಗದಿರಲೆಂದು ಹತ್ತಿಯ ಉರುಳೆ ಇಡುವುದುಂಟು, ಒಂದೋ ಎರಡೋ. ಆವತ್ತು ವಕೀಲಮ್ಮನ ಬಾಯಿಗೆ ಹೋದ ಹತ್ತಿಯಲ್ಲಿ ಒಂದು ದಿಂಬು ಮಾಡಬಹುದಿತ್ತು. ಅವರು ‘ಅಂ’ ಎಂದರೆ ಒಂದು ಉರುಳೆ, ‘ಊಂ’ ಎಂದರೆ ಇನ್ನೊಂದು. ಆ ಕಡೆ ಡಾಕ್ಟರ ವಾದ ಸಾಗಿಯೇ ಇತ್ತು. ಮೂಲದಲ್ಲಿ ಫ್ರಿಜ್ಜಿನ ಗುಂಯ್ ಶಬ್ದ ಮೊದಲಿಂದಲೂ ಕೇಳುತ್ತದೆ, ಅದೊಂದು ಹುಳುಕು, ರೀಮಿಕ್ಸಿನವನು ಹುಳುಕೆಲ್ಲ ಕೆರೆದು ತೆಗೆದು ಚೊಕ್ಕವಾಗಿ ತುಂಬಿಸಿದ್ದಾನೆ, ಎಂದು. ದಿನವಿಡೀ ಕೆರೆಯುವವರಿಗೆ ಲೋಕವೆಲ್ಲ ಹುಳುಕೇ.

ವಕೀಲಮ್ಮ ಹೋದ ಮೇಲೆ ನಾನು ಕೇಳಿದೆ. ಜನರೆದುರು ಡಾಕ್ಟ್ರೇ ಎನ್ನುತ್ತೇನೆ, ಬಾಗಿಲು ಹಾಕಿದ ಮೇಲೆ ಅಪ್ಪಾ. “ಅಲ್ಲಪ್ಪಾ, ಇಷ್ಟು ವರ್ಷ ಕಾದು ಒಬ್ಬರು ಸಿಕ್ಕಿದಾರೆ. ಅವರ ಬಾಯಿಗೇ ಬಿರಡೆ ಹಾಕ್ತೀಯಲ್ಲ?”

“ಅವರಿಗೆ ಅರ್ಥ ಆಗಿಲ್ಲ ಅಕ್ಕ.”

“ಅರ್ಥ ಆಗದವರು ಹಾಡು ಹುಡುಕಿಕೊಂಡು ಹೋಗ್ತಾರಾ? ನಿನಗೆ ಬೇಕಾಗಿರೋದು ಜೊತೆಗಾರರೋ, ತಲೆ ಆಡಿಸೋ ಗೊಂಬೆಯೋ?”

ಡಾಕ್ಟರು ಉಪಕರಣ ಬೇಯಿಸುವ ಡಬ್ಬಿಯ ಮುಚ್ಚಳ ಎರಡು ಸಲ ತೆರೆದು ಹಾಕಿದರು.

ಮೂರನೇ ಸಲ, ಕ್ಯಾಪು ಕೂರಿಸುವ ದಿನ. ಇವತ್ತು ಮುಗಿದರೆ ಆಕೆ ಮತ್ತೆ ಈ ಮೆಟ್ಟಿಲು ಹತ್ತಬೇಕಾಗಿಲ್ಲ. ಇದು ನನಗೆ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ಬೆಳಗ್ಗೆಯಿಂದ ನಾಲ್ಕು ಹಾಡು ಬದಲಾಯಿಸಿದ್ದರು. ವಕೀಲಮ್ಮ ಕೂತು, “ಡಾಕ್ಟ್ರೇ, ಹೋದ ಸಲದ್ದು ನನ್ನ ಪಾಳಿ ಬಾಕಿ ಇದೆ,” ಎನ್ನುವಷ್ಟರಲ್ಲಿ ಇವರ ಕೈ ನನ್ನ ಕಡೆ ಚಾಚಿತು.

“ಅಕ್ಕ, ಹತ್ತಿ.”

“ಹತ್ತಿ ಮುಗಿದಿದೆ ಡಾಕ್ಟ್ರೇ,” ಎಂದೆ.

ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ತುಂಬಿದ ಡಬ್ಬಿ ಇತ್ತು. ಅವರು ಕಪಾಟು ನೋಡಿದರು, ನನ್ನ ಮುಖ ನೋಡಿದರು. ಅಪ್ಪನ ಕಾಲದ ಹೆಂಗಸನ್ನು ರೋಗಿಯ ಮುಂದೆ ಸುಳ್ಳಿ ಎನ್ನುವ ಧೈರ್ಯ ಅವರಿಗಿಲ್ಲ.

ವಕೀಲಮ್ಮ ನಿಧಾನವಾಗಿ ಕೇಳಿದರು, ಸಾಕ್ಷಿಯನ್ನು ಕೇಳುವ ಹಾಗೆ. “ನೀವು ಮೂಲ ಹಾಡನ್ನ ಕೊನೇ ತನಕ ಯಾವತ್ತು ಕೇಳಿದ್ದು?”

“ಕೇಳಿದೀನಿ.”

“ಕೊನೇ ತನಕ?”

ಡಾಕ್ಟರು ಟ್ರೇಯಲ್ಲಿದ್ದ ಕನ್ನಡಿ ಒರೆಸತೊಡಗಿದರು. ಆ ಫ್ರಿಜ್ಜಿನ ಶಬ್ದ ಶುರುವಾಯಿತೆಂದರೆ ಇವರು ಹಾಡನ್ನೇ ನಿಲ್ಲಿಸಿಬಿಡುತ್ತಿದ್ದುದನ್ನು ನಾನೇ ಎಷ್ಟೋ ಸಲ ಕಂಡಿದ್ದೆ. ವಕೀಲಮ್ಮ ಗೆದ್ದೆ ಎನ್ನಲಿಲ್ಲ. “ಕೇಳಿ,” ಅಂದು ತಾವಾಗಿಯೇ ಬಾಯಿ ತೆರೆದರು.

ಕ್ಯಾಪು ಕೂತಿತು. ಕಚ್ಚಿ ನೋಡಿದ್ದಾಯಿತು. ಹೊರಡುವ ಮುಂಚೆ ಆಕೆ ಇನ್ನೊಂದು ದವಡೆ ಮುಟ್ಟಿಕೊಂಡು, ಈ ಕಡೆಯೂ ಒಂಥರಾ ಅನಿಸುತ್ತಿದೆ, ಮುಂದಿನ ವಾರ ಬರಬೇಕೇನೋ ಎಂದರು. ಏನೂ ಇಲ್ಲದ ಹಲ್ಲು. ಪೈಪು ಹಿಡಿದವಳಿಗೂ ಅದು ತಿಳಿಯುತ್ತದೆ. ಡಾಕ್ಟರು ದೀಪ ಹಿಡಿದು, ಕನ್ನಡಿ ಹಾಕಿ, ತಟ್ಟಿ, ಕುಟ್ಟಿ ನೋಡಿದರು. ನಾನು ಅವರ ಕಾಲು ತುಳಿದೆ.

“ಕಾಲು, ಅಕ್ಕ,” ಅಂದರು ನನಗೆ. ಆಮೇಲೆ ಆಕೆಗೆ, “ನಿಮ್ಮ ಹಲ್ಲು ಕಲ್ಲಿನ ಹಾಗಿದೆ. ಇನ್ನು ಐದು ವರ್ಷ ಈ ಕಡೆ ಬರಬೇಕಾಗಿಲ್ಲ.”

ಸತ್ಯವಂತರು ಎಲ್ಲೆಲ್ಲೋ ಇರುತ್ತಾರೆ; ನಮಗೆ ಬೇಡವಾದ ಹೊತ್ತಿಗೆ ನಮ್ಮ ಪಕ್ಕದಲ್ಲೇ ಇರುತ್ತಾರೆ. ವಕೀಲಮ್ಮ ಒಂದು ಕ್ಷಣ ನಿಂತು, ಸಂತೋಷ ಎಂದು ಹೇಳಿ, ದುಡ್ಡು ಎಣಿಸಿಟ್ಟು ಇಳಿದುಹೋದರು.

ಮಧ್ಯಾಹ್ನ ಯಾರೂ ಇರಲಿಲ್ಲ. ಡಾಕ್ಟರು ರೋಗಿಯ ಕುರ್ಚಿಯಲ್ಲೇ ಒರಗಿ ಮೂಲ ಹಾಡು ಹಾಕಿದರು. ಆ ಹುಡುಗಿಯ ದನಿ, ಅದರ ಹಿಂದೆ ಗುಂಯ್. ನಾನು ಟ್ರೇ ತೊಳೆಯುತ್ತಿದ್ದೆ. ಇನ್ನೇನು ಮುಗಿಯಬೇಕು ಎನ್ನುವಾಗ ಆ ಫ್ರಿಜ್ಜು ತಾನಾಗಿಯೇ ನಿಂತಿತು, ಯಾರ ಮನೆಯಲ್ಲೂ ನಿಲ್ಲುವ ಹಾಗೆ, ಕಟ್ ಎಂದು. ಹುಡುಗಿ ಒಂದು ಗಳಿಗೆ ತಡೆದಳು. ಅವಳಿಗೂ ಗೊತ್ತಾಗಿರಬೇಕು. ಕೊನೆಯ ಎರಡು ಸಾಲನ್ನು ಆ ನಿಶ್ಶಬ್ದದಲ್ಲಿ ಒಬ್ಬಳೇ ಹಾಡಿದಳು. ನಾನು ನಲ್ಲಿ ನಿಲ್ಲಿಸಿದ್ದೆ. ಯಾವಾಗ ನಿಲ್ಲಿಸಿದೆನೋ ಗೊತ್ತಿಲ್ಲ.

ಡಾಕ್ಟರು ಕುರ್ಚಿಯಿಂದೆದ್ದರು. ಕ್ಯಾಪು ಹೇಗಿದೆ ಎಂದು ವಿಚಾರಿಸುವ ನೆಪದಲ್ಲಿ ನೀವೇ ಆಕೆಗೆ ಫೋನು ಮಾಡಿ ಅಕ್ಕ ಎಂದರು.

“ಇವತ್ತಿನ ಸುಳ್ಳು ನಾನು ಆಗಲೇ ಹೇಳಾಯ್ತು,” ಎಂದೆ. “ಹಲ್ಲಿನ ಸುದ್ದಿ ಎತ್ತಬೇಡ. ಕೊನೇ ತನಕ ಕೇಳಿದೆ ಅಂತ ಹೇಳು. ಸಾಕು.”

ನಂಬರು ಒತ್ತಿ, ಕಿವಿಗಿಟ್ಟು, ಹಾಗೆಯೇ ಹೇಳಿದರು. ಅಲ್ಲಿಂದ ಮುಂದೆ ಅವರಿಗೆ ಮಾತಾಡಲು ಸಂದು ಸಿಗಲಿಲ್ಲ. ವಕೀಲಮ್ಮನ ಬಾಯಲ್ಲಿ ಈಗ ಹತ್ತಿ ಇರಲಿಲ್ಲವಲ್ಲ.

ಅದಾದ ಮೇಲೆ ಉಮೇದಿನಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟ ಕೂಡಲೇ ಮೂಲ ಹಾಡನ್ನೇ ಹಾಕತೊಡಗಿದರು. ಅದು ಗಿಡ್ಡ ಹಾಡು. ಅದು ಮುಗಿಯುತ್ತಲೇ ಅಭ್ಯಾಸಬಲದಿಂದ ಡ್ರಿಲ್ಲು ಎತ್ತಿದರು. ತುಟಿ ಇನ್ನೂ ಮರಗಟ್ಟಿರದ ಬಡಗಿಯೊಬ್ಬ ಕುರ್ಚಿ ಬಿಟ್ಟು ಎದ್ದ. ಹಾಗಾಗಿ ಇಂಜೆಕ್ಷನ್ನಿಗೆ ಈಗಲೂ ರೀಮಿಕ್ಸೇ. ವಿವರಣೆ ಮಾತ್ರ ಮೊದಲಿನಷ್ಟಿಲ್ಲ. ಅದಕ್ಕೂ ದೂರು ಬಂದಿದೆ: ಡಾಕ್ಟ್ರು ಮಾತಾಡುತ್ತಿದ್ದರೆ ಡ್ರಿಲ್ಲಿನ ಸದ್ದು ಅಷ್ಟು ಕೇಳುತ್ತಿರಲಿಲ್ಲ ಎಂದು.

ಶನಿವಾರ ಕ್ಲಿನಿಕ್ಕು ಮುಚ್ಚುವ ಹೊತ್ತಿಗೆ ವಕೀಲಮ್ಮ ಬರುತ್ತಾರೆ, ತಮ್ಮ ಹಾಡುಗಳ ಸಮೇತ. ಇಬ್ಬರೂ ಕಾಯುವ ಬೆಂಚಿನ ಮೇಲೆ ಕೂತು ಜಗಳ ಆಡುತ್ತಾರೆ. ಡಾಕ್ಟರು ಹೆಚ್ಚಾಗಿ ಸೋಲುತ್ತಾರೆ. ಬೀಗ ನನ್ನ ಹತ್ತಿರ ಇರುವುದರಿಂದ ನಾನೂ ಕಾಯಬೇಕು. ಅವರಿಗೊಬ್ಬ ಸ್ನೇಹಿತೆ ಸಿಕ್ಕರು. ನನ್ನ ಶನಿವಾರದ ಸಂಜೆ ಹೋಯಿತು.