ಅರ್ಧ ತಾಳ ತಡವಾಗಿ

ಧೈರ್ಯ ಹೇಳುವವರ ತಂಡ ಅಂಗಡಿಯ ಬಾಗಿಲಿಗೆ ಬಂದಾಗ ಇಸ್ತ್ರಿಯಕ್ಕ ಅಂಗಿಯ ಕಾಲರಿನಿಂದ ಕಣ್ಣೆತ್ತಲಿಲ್ಲ. ಬುಧವಾರ ಸಂಜೆಯಾದರೆ ಸಾಕು, ಚರ್ಚಿನ ಈ ನಾಲ್ಕು ಜನ ವಿಶ್ವಾಸ ಸಡಿಲಾದವರ ಮನೆಗಳಿಗೆ ಹೊರಟುಬಿಡುತ್ತಾರೆ. ಒಂದೊಂದು ಮನೆಗೆ ಕಾಲು ಗಂಟೆ. ಹಾಲಿನವನು ಕೂಡ ಇಷ್ಟು ಗಡಿಬಿಡಿಯಲ್ಲಿ ಬೀದಿ ಸುತ್ತುವುದಿಲ್ಲ.

ತಮ್ಮನನ್ನು ಮಣ್ಣು ಮಾಡಿದ ಮೇಲೆ ಅವಳು ಚರ್ಚಿನ ಕಡೆ ತಲೆ ಹಾಕಿರಲಿಲ್ಲ. ತಾಯಿಯಿಲ್ಲದ ಅವನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದವಳು ಅವಳೇ. ಅವನು ಉಳಿಯಲೆಂದು ಮಂಡಿಯೂರಿ ಬೇಡಿದ್ದೇ ಬೇಡಿದ್ದು, ಅವನು ಉಳಿಯಲಿಲ್ಲ. ಗಾಯನ ತಂಡದ ನಿಲುವಂಗಿಯನ್ನು ಮಡಿಸಿ ಚೀಲಕ್ಕೆ ಹಾಕಿಟ್ಟಿದ್ದಳು. ಇವತ್ತು ಇವರ ಕೈಗೆ ಕೊಟ್ಟುಬಿಟ್ಟರೆ ಚರ್ಚಿನ ಋಣ ಹರಿಯಿತು.

ಇದ್ದ ಒಂದೇ ಕುರ್ಚಿಯಲ್ಲಿ ನಿವೃತ್ತ ಹೆಡ್‌ಮಾಸ್ಟರರು ಕೂತು, ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಗಂಡ ಅಂದ್ರೆ ಮನೆಗೆ ಕಂಬ ಇದ್ದ ಹಾಗೆ. ಕಂಬ ಬಿತ್ತು ಅಂತ ದೇವರನ್ನ ಬಿಡಬಾರದು."

ಒಳಗಿನಿಂದ ಕಂಬವೇ ಪ್ಯಾಂಟುಗಳ ಗಂಟು ಹೊತ್ತು ಬಂದು ಮೇಜಿನ ಮೇಲೆ ಇಳಿಸಿತು. "ನಾನಿನ್ನೂ ಬಿದ್ದಿಲ್ಲ ಸಾರ್," ಎಂದಿತು.

ಆ ಸಾಂತ್ವನ ಹಿಂದಿನ ಬೀದಿಯ ವಿಧವೆಗೆ ಸಲ್ಲಬೇಕಾದದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನ. "ಇವರದು ತಮ್ಮ ಸಾರ್," ಎಂದು ದಂತವೈದ್ಯರ ಹೆಂಡತಿ ಪಿಸುಗುಟ್ಟಿದಳು. ಹೆಡ್‌ಮಾಸ್ಟರರು ಅಷ್ಟಕ್ಕೆಲ್ಲ ನಾಚುವ ಗಿರಾಕಿಯಲ್ಲ. "ತಮ್ಮನೂ ಕಂಬವೇ," ಎಂದು ಮುಂದುವರಿಸಿದರು. ಇಸ್ತ್ರಿಯಕ್ಕನಿಗೆ ಮೈಯೆಲ್ಲ ಉರಿಯಿತು. ಸತ್ತವನು ಯಾರೆಂದು ತಿಳಿಯದವರು ತನಗೆ ದೇವರ ಮನಸ್ಸು ತಿಳಿಸಲು ಬಂದಿದ್ದರು.

ಪಾದ್ರಿಯ ಭಾವಮೈದ ಗಡಿಯಾರ ನೋಡಿ ಹೊತ್ತಾಯಿತೆಂದ. ಚುಟುಕಾಗಿ ಪ್ರಾರ್ಥನೆ ಮುಗಿಸಿ ಮೂವರೂ ಬೀದಿಗಿಳಿದರು. ಅವಳು ಚೀಲ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅಲ್ಲಿ ಉಳಿದಿದ್ದವಳು ನಿಧಾನಮ್ಮ ಒಬ್ಬಳೇ.

ಬಸ್ಸು ತೊಳೆಯುವ ಕೆಲಸದ ನಿಧಾನಮ್ಮ ಗಾಯನ ತಂಡದಲ್ಲಿ ಇಸ್ತ್ರಿಯಕ್ಕನ ಪಕ್ಕಕ್ಕೇ ನಿಲ್ಲುವವಳು. ಪ್ರತಿ ಸಾಲನ್ನೂ ಅರ್ಧ ತಾಳ ತಡವಾಗಿ ಎತ್ತಿಕೊಳ್ಳುತ್ತಿದ್ದಳು, ಅದೂ ಅಪಸ್ವರದಲ್ಲಿ. ಆ ಹೆಸರಿಟ್ಟವಳು ಇಸ್ತ್ರಿಯಕ್ಕನೇ.

"ನೀನೂ ಒಂದಿಷ್ಟು ಧೈರ್ಯ ಹೇಳಿ ಹೋಗು," ಎಂದಳು.

"ನನ್ ಹತ್ರ ಇದ್ರೆ ತಾನೇ ಹೇಳೋಕೆ. ಮಗಳು ಮನೆ ಬಿಟ್ಟು ಹೋದಾಗಿಂದ ನಂಗೆ ಪ್ರಾರ್ಥನೆ ಬರಲ್ಲ ಅಕ್ಕ."

"ಮತ್ತೆ ವಾರ ವಾರ ಹಾಡ್ತಿದ್ದೆ?"

"ನೀನು ಹಾಡಿದ್ಮೇಲೆ ಹಾಡ್ತಿದ್ದೆ. ಇವಳೇ ಹೇಳ್ತಿದಾಳೆ ಅಂದ್ರೆ ನಿಜ ಇದ್ರೂ ಇರಬಹುದು ಅನ್ಸೋದು. ಆಮೇಲೆ ನಾನೂ ಹೇಳ್ತಿದ್ದೆ." ಅವಳು ಸೆರಗಿನ ಅಂಚು ತಿರುವಿದಳು. "ಈಗ ನೀನು ಬರಲ್ವಲ್ಲ, ಸುಮ್ನೆ ತುಟಿ ಆಡಿಸ್ತೀನಿ. ಯಾರಿಗೂ ಗೊತ್ತಾಗಿಲ್ಲ."

"ಎಲ್ರಿಗೂ ನೆಮ್ಮದಿ ಆಗಿರುತ್ತೆ," ಎಂದ ಇಸ್ತ್ರಿಯಕ್ಕ ಆಮೇಲೆ ನಾಲಿಗೆ ಕಚ್ಚಿಕೊಂಡಳು. ಇಷ್ಟು ವರ್ಷ ಆ ಅರ್ಧ ತಾಳಕ್ಕೆ ಮೂಗು ಮುರಿದಿದ್ದಳು, ಅದು ಕಿವಿಯ ದೋಷವೆಂದು ನಗಾಡಿದ್ದಳು. ಚೀಲವನ್ನು ಕೊಡಲು ಕೈ ಬರಲಿಲ್ಲ.

ಭಾನುವಾರ ನಿಲುವಂಗಿ ತೊಟ್ಟು ಹೋದಳು. ದೇವರ ಜೊತೆಗಿನ ಜಗಳ ಮುಗಿದಿರಲಿಲ್ಲ. ತಾವು ಹೇಳಿದ ಧೈರ್ಯ ಫಲಿಸಿತೆಂದು ಹೆಡ್‌ಮಾಸ್ಟರರು ಮುಂದಿನ ಸಾಲಿನಲ್ಲಿ ತಲೆದೂಗುವುದನ್ನು ಕಂಡು ಮುಖ ತಿರುಗಿಸಿದಳು. ಹಾಡು ಶುರುವಾದರೂ ತುಟಿ ಬಿಗಿದು ನಿಂತಳು. ಪಕ್ಕದಲ್ಲೂ ಸದ್ದಿಲ್ಲ. ಓರೆಗಣ್ಣಿನಿಂದ ನೋಡಿದರೆ ನಿಧಾನಮ್ಮ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.

ಎರಡನೆಯ ಸಾಲಿಗೆ ಇಸ್ತ್ರಿಯಕ್ಕ ಮನಸ್ಸಿನಲ್ಲೇ ಎಲ್ಲರಿಗೂ ಶಾಪ ಹಾಕಿ ದನಿ ತೆಗೆದಳು. ಅರ್ಧ ತಾಳ ಕಳೆದ ಮೇಲೆ, ಎಂದಿನ ಅಪಸ್ವರದಲ್ಲೇ, ಪಕ್ಕದ ದನಿಯೂ ಬಂತು.