ಕೈಗೆ ಬಂದ ತಾಳ

ಲಕ್ವ ಹೊಡೆದ ಮೇಲೆ ಟೈಲರ್ ಚಂದ್ರಶೇಖರನ ಬಲಗೈ ಯಾರೋ ಇಟ್ಟು ಮರೆತುಹೋದ ಸಾಮಾನಿನಂತೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಮಾತು ತಿರುಗಿ ಬಂತು. ಕಾಲು ಎಳೆದುಕೊಂಡಾದರೂ ನಡೆಯುವಂತಾಯಿತು. ಕೈ ಮಾತ್ರ ಬರಲಿಲ್ಲ. ರವಿಕೆಗೆ ತೋಳು ಕೂರಿಸುವುದರಲ್ಲಿ ಅವನ ಕೈ ಬಿಟ್ಟರಿಲ್ಲ ಎಂದು ಹೆಂಗಸರು ಶೃಂಗೇರಿಯಿಂದಲೂ ಕೊಪ್ಪದ ಅವನ ಅಂಗಡಿಗೆ ಬಟ್ಟೆ ತರುತ್ತಿದ್ದರು. ಆ ಕೈಗೆ ಈಗ ಒಂದು ತುತ್ತು ಅನ್ನ ಎತ್ತಲಾಗುತ್ತಿರಲಿಲ್ಲ. ಹೆಂಡತಿ ವನಜಮ್ಮ ಕಲಸಿ ಬಾಯಿಗಿಡುತ್ತಿದ್ದಳು.

"ಎಡಗೈಲಿ ಚಮಚ ಹಿಡೀರಿ, ಅಭ್ಯಾಸ ಆಗ್ತದೆ" ಎಂದು ಅವಳು ಹೇಳಿ ನೋಡಿದಳು.

"ಎಡಗೈಲಿ ಉಂಡ್ರೆ ಉಂಡ ಹಾಗೆ ಆಗೂದಿಲ್ಲ ಮಾರಾಯ್ತಿ" ಎಂದ ಅವನು.

ಫಿಸಿಯೋಥೆರಪಿ ಮಾಡುತ್ತಿದ್ದ ಸೌಂದರ್ಯಾ ಒಂದು ದಿನ ಚಂದ್ರಶೇಖರನ ಮಗಳು ನಯನಳನ್ನು ಕರೆದು, "ಈ ಕೈಗೆ ತಾಳ ಇರುವ ಕೆಲಸ ಏನಾದ್ರೂ ಕೊಡಿ. ಬೆರಳು ಮರೆತದ್ದನ್ನ ತಾಳ ನೆನಪು ಮಾಡಿಸೋದುಂಟು" ಎಂದಳು. ನಯನ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಾಗ ಗೆಳತಿಯೊಬ್ಬಳಿಂದ ಸ್ವಲ್ಪ ಗಿಟಾರ್ ಕಲಿತಿದ್ದವಳಿಗೆ ಅದೇ ಹೊಳೆಯಿತು. ಪೇಟೆಯ ಅಂಗಡಿಯಲ್ಲಿ ಯಾರೋ ಮಾರಿಹೋಗಿದ್ದ ಹಳೆಯ ಗಿಟಾರೊಂದನ್ನು ತಂದಳು. ಎಡಗೈಯಲ್ಲಿ ಏನೂ ಒತ್ತದೆ ಸುಮ್ಮನೆ ಮೀಟಿದರೂ ಇಂಪಾಗಿ ಕೇಳುವಂತೆ ತಂತಿಗಳನ್ನು ಶ್ರುತಿ ಮಾಡಿದಳು. ಫೋನಿಗೆ ಒಂದು ಆ್ಯಪ್ ಹಾಕಿಕೊಂಡಳು. ಅದರಲ್ಲಿ ಡ್ರಮ್ಮು, ಬೇಸ್ ಗಿಟಾರು ಹಿಂದೆ ನುಡಿಯುತ್ತಿದ್ದರೆ ಯಾವಾಗ ಕೆಳಗೆ ಮೀಟಬೇಕು, ಯಾವಾಗ ಮೇಲೆ ಎಂದು ಬಾಣಗಳು ತೋರಿಸುತ್ತಿದ್ದವು. ಆ್ಯಪ್ ಬಾರಿಸುವವರ ಗಿಟಾರನ್ನೂ ಆಲಿಸುತ್ತಿತ್ತು. ಸರಿಯಾಗಿ ಮೀಟಿದರೆ ಬಾಣ ಹಸಿರು, ತಪ್ಪಿದರೆ ಕೆಂಪು.

ಮೊದಮೊದಲು ಎಲ್ಲವೂ ಕೆಂಪೇ. ತಂತಿ ಮೀಟುವ ಪಿಕ್ ಬೆರಳಿನಿಂದ ಜಾರುತ್ತಿತ್ತೆಂದು ನಯನ ಅದನ್ನು ರಬ್ಬರ್‌ಬ್ಯಾಂಡಿನಿಂದ ಕಟ್ಟಿದಳು. ಅಪ್ಪ ಹಲ್ಲು ಕಚ್ಚಿ ಭುಜದಿಂದ ಇಡೀ ತೋಳನ್ನೇ ಬೀಸುತ್ತಿದ್ದ. ನಾಲ್ಕೂ ಬಾಣ ಕೆಳಮುಖವಾಗಿದ್ದ ಅತಿ ಸುಲಭದ ಪ್ಯಾಟರ್ನ್ ಕೂಡ ಅವನಿಗೆ ಒಲಿಯಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ನಯನ ಬಟ್ಟೆ ಮಡಚುತ್ತಿದ್ದಳು. ಜಗಲಿಯಲ್ಲಿ ಗಿಟಾರಿನ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಕೆಳಗೆ ಎರಡು ಮೀಟು, ಒಂದು ಮೌನ, ಮೇಲಕ್ಕೊಂದು, ಆಮೇಲೆ ಅಂಗೈ ಒತ್ತಿ ತಂತಿಯ ಬಾಯಿ ಮುಚ್ಚಿಸಿದ ಟಕ್ ಎಂಬ ಸದ್ದು, ಮತ್ತೆ ಮೇಲೆ ಕೆಳಗೆ. ವರ್ಷಗಟ್ಟಲೆ ಬಾರಿಸಿದವರ ಕೈ ಅದು. ಅವಳು ಓಡಿಬಂದು ನೋಡಿದರೆ ಅಪ್ಪನೇ ಬಾರಿಸುತ್ತಿದ್ದ. ತೆರೆಯ ಮೇಲೆ ಬಾಣಗಳೆಲ್ಲ ಕೆಂಪಾಗಿದ್ದವು. ಆ್ಯಪ್ ಬಾರಿಸಲು ಹೇಳುತ್ತಿದ್ದದ್ದು ಒಂದು, ಕೈ ನುಡಿಸುತ್ತಿದ್ದದ್ದು ಮತ್ತೊಂದು.

"ಅಪ್ಪಾ, ಇದನ್ನ ಯಾವಾಗ ಕಲ್ತಿರಿ?"

"ನಾನೆಲ್ಲಿ ಬಾರಿಸ್ತಿದೀನಿ" ಎಂದ ಅವನು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. "ನಿಲ್ಸು ಅಂದ್ರೆ ನಿಲ್ಲೂದಿಲ್ಲ ಇದು."

ನಯನ ಆ್ಯಪನ್ನು ನಿಲ್ಲಿಸಿದಳು. ಡ್ರಮ್ಮು ನಿಂತದ್ದೇ ಕೈ ತೊಡೆಯ ಮೇಲೆ ಬಿತ್ತು. ಆ ಸಂಜೆ ಕಾಫಿ ಲೋಟ ಹಿಡಿಯಲು ಹೋದರೆ ಬೆರಳು ಮಡಚಲೂ ಇಲ್ಲ.

ಸೌಂದರ್ಯಾಳಿಗೆ ಹೇಳಿದಾಗ, ಮಿದುಳು ಹೊಸ ದಾರಿ ಹುಡುಕಿಕೊಳ್ಳುತ್ತಿರಬಹುದು, ಒಳ್ಳೆಯ ಲಕ್ಷಣ ಎಂದಳು. ಮನೆಯವರು ನಂಬಿದರು. ಆದರೆ ಕೈ ಅಲ್ಲಿಗೇ ಬಿಡಲಿಲ್ಲ. ಅವನು ಊಟವಾಗಿ ಮಲಗಿ ನಿದ್ದೆ ಹೋದಾಗ ಬೆರಳುಗಳು ಮಂಚದ ಅಂಚಿನ ಮೇಲೆ ಅದೇ ತಾಳ ಹಾಕುತ್ತಿದ್ದವು. ಒಮ್ಮೆ ಪಕ್ಕದಲ್ಲಿ ಮಲಗಿದ್ದ ವನಜಮ್ಮನ ಬೆನ್ನ ಮೇಲೂ ಹಾಕಿದವು. ಅವಳು ಎದ್ದು ಕುಳಿತು ಗಂಡನ ಮುಖ ನೋಡಿದಳು. ಅವನು ಗೊರಕೆ ಹೊಡೆಯುತ್ತಿದ್ದ. ಅಂದಿನಿಂದ ಅವಳು ಅವನ ಎಡಮಗ್ಗುಲಿಗೆ ಹಾಸಿಗೆ ಹಾಕಿಕೊಂಡಳು.

ಆ ಆ್ಯಪಿನಲ್ಲಿ ನಮ್ಮದೇ ಪ್ಯಾಟರ್ನ್ ಕಲಿಸುವ ಸೌಲಭ್ಯವೂ ಇತ್ತು. ನಾವು ಬಾರಿಸಿದರೆ ಅದು ಕೇಳಿ ಬಾಣ ಬರೆದುಕೊಳ್ಳುತ್ತದೆ. ನಯನ ಅಪ್ಪನ ಕೈಯಲ್ಲಿ ಬಾರಿಸಿಸಿ ಉಳಿಸಲು ಹೋದಾಗ, ಇಂಥದ್ದೇ ಒಂದು ಈಗಾಗಲೇ ಇದೆ ಎಂದು ತೆರೆ ತೋರಿಸಿತು. ಯಾರೋ ಮಾಡಿ ಎಲ್ಲರಿಗೂ ಹಂಚಿದ್ದರು. ಪ್ಯಾಟರ್ನಿನ ಹೆಸರು 'ಬೆಳಗಿನ ಬಸ್ಸು'. ಮಾಡಿದವನ ಹೆಸರು ಶಿಶಿರ, ಊರು ಶೃಂಗೇರಿ ಹತ್ತಿರದ ಮೆಣಸೆ. ಒತ್ತಿ ಕೇಳಿದಳು. ಮೇಲಿನ ಮೀಟಿಗೆ ಮುಂಚೆ ಕೈ ಒಂದು ಕೂದಲೆಳೆಯಷ್ಟು ತಡೆಯುವುದು ಕೂಡ ಹಾಗೇ ಇತ್ತು.

ಮರುದಿನ ಗಿಟಾರ್ ಕೊಂಡ ಅಂಗಡಿಯಲ್ಲಿ ವಿಚಾರಿಸಿದಳು. "ಮೆಣಸೆಯ ಅಂಗನವಾಡಿ ಟೀಚರ್ ಸುಲೋಚನಮ್ಮ ಕೊಟ್ಟುಹೋದದ್ದು. ಮಗನದ್ದು" ಎಂದ ಅಂಗಡಿಯವನು. "ಹೋಂಸ್ಟೇಗಳಲ್ಲಿ ಬಾರಿಸ್ಲಿಕ್ಕೆ ಹೋಗ್ತಿದ್ದ ಹುಡುಗ. ಮಂಗನ ಕಾಯಿಲೆ ಬಂದು ತೀರಿಕೊಂಡ."

ಮನೆಯಲ್ಲಿ ಇದನ್ನು ಹೇಳಿದಾಗ ವನಜಮ್ಮ ಗಿಟಾರನ್ನು ಆ ಕ್ಷಣವೇ ಹೊರಗಿಡಲು ಎದ್ದಳು. ಚಂದ್ರಶೇಖರ ತಡೆದ. ಅಲ್ಲಾಡದ ಕೈ ಅಲ್ಲಾಡಿದೆ. ಯಾಕೆಂದು ತಿಳಿಯದೆ ಬಿಡಲು ಅವನಿಗೆ ಮನಸ್ಸಿರಲಿಲ್ಲ. "ಒಂದ್ಸಲ ಹೋಗಿ ಬರೋಣ. ತಾಯಿಗಾದ್ರೂ ಗೊತ್ತಿರಬಹುದು."

ಗಿಟಾರನ್ನೂ ಹಾಕಿಕೊಂಡು, ಪಕ್ಕದ ಮನೆಯವರ ಕಾರನ್ನು ನಯನಳೇ ಓಡಿಸಿಕೊಂಡು ಮೂವರೂ ಹೊರಟರು. ಶೃಂಗೇರಿ ಹತ್ತಿರ ಬಂದಂತೆ ಚಂದ್ರಶೇಖರ, "ಕೈ ಬಿಸಿಯಾಗ್ತಿದೆ" ಎಂದ. ವನಜಮ್ಮ ಮುಟ್ಟಿ ನೋಡಿದಳು. ತಿಂಗಳುಗಳಿಂದ ತಣ್ಣಗಿದ್ದ ಕೈ, ಜ್ವರ ಬಂದ ಮಗುವಿನ ಕೈಯಂತೆ ಸುಡುತ್ತಿತ್ತು.

ಸುಲೋಚನಮ್ಮನದು ರಸ್ತೆ ಬದಿಯ ಹೊಸ ತಾರಸಿ ಮನೆ. ಐವತ್ತರ ಆಸುಪಾಸಿನ, ನೆಟ್ಟಗೆ ನಿಲ್ಲುವ ಹೆಂಗಸು. ಇವರು ಬಂದ ಕಾರಣ ಕೇಳಿ ಒಳಗೆ ಹೋಗಿ ಕಾಫಿಗಿಟ್ಟಳು. ನಯನ ಅಪ್ಪನ ಮಡಿಲಲ್ಲಿ ಗಿಟಾರಿಟ್ಟು ಫೋನಿನಲ್ಲಿ ಡ್ರಮ್ಮು ಹಾಕಿದಳು. ಕೈ ಎದ್ದಿತು. ಎರಡು ಮೀಟು, ಮೌನ, ಮೇಲಕ್ಕೊಂದು. ಒಳಗಿನಿಂದ ಕಾಫಿಯ ತಟ್ಟೆ ಹಿಡಿದು ಬಂದ ಸುಲೋಚನಮ್ಮ ಬಾಗಿಲಲ್ಲೇ ನಿಂತಳು. ಆಕೆ ತಟ್ಟೆಯನ್ನು ನೆಲಕ್ಕಿಟ್ಟು ಅಲ್ಲೇ ಕುಳಿತಳು.

"ಇನ್ನೊಂದ್ಸಲ" ಎಂದಳು.

ಅಂದು ಊಟ ಮಾಡದೆ ಹೋಗಲು ಆಕೆ ಬಿಡಲಿಲ್ಲ. ಬಾಳೆಲೆ ಹಾಕಿ ಅನ್ನ, ಸೌತೆಕಾಯಿ ಹುಳಿ ಬಡಿಸಿದಳು. ಕಲಸಿಕೊಡಲು ವನಜಮ್ಮ ಗಂಡನ ಪಕ್ಕಕ್ಕೆ ಸರಿದಳು. ಅಷ್ಟರಲ್ಲಿ ಬಲಗೈ ತಾನಾಗಿ ಎಲೆಗೆ ಹೋಯಿತು. ಅದು ಮೊದಲು ಮುಟ್ಟಿದ್ದು ಎಲೆಯ ತುದಿಯಲ್ಲಿದ್ದ ಮಿಡಿ ಉಪ್ಪಿನಕಾಯಿಯನ್ನು. ಬಿಪಿ ಎಂದು ಚಂದ್ರಶೇಖರ ಉಪ್ಪಿನಕಾಯಿ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಕೈ ಮಿಡಿಯನ್ನು ಹಿಸುಕಿ ರಸವನ್ನು ಅನ್ನಕ್ಕೆ ಬೆರೆಸಿ, ಅಗುಳೂ ಚೆಲ್ಲದಂತೆ ತುತ್ತು ಮಾಡಿ ಬಾಯಿಗೆ ತಂದಿತು.

"ಅವ ಹೀಗೇ ಉಣ್ಣುದು" ಎಂದಳು ಸುಲೋಚನಮ್ಮ ಮೆಲ್ಲಗೆ.

ಆಮೇಲೆ ಭಾನುವಾರ ಬಂತೆಂದರೆ ಮೆಣಸೆಗೆ ಹೋಗುವುದೇ ಆಯಿತು. ಅಲ್ಲಿ ಉಣ್ಣುವ ಕೈ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ವನಜಮ್ಮ ಅದೇ ಹುಳಿ ಮಾಡಿ ನೋಡಿದಳು, ಮೆಣಸೆಯಿಂದ ಮಿಡಿ ಕೇಳಿ ತಂದಳು, ಎಲೆಯಲ್ಲೇ ಬಡಿಸಿದಳು. ಕೈ ಮಡಿಲು ಬಿಟ್ಟು ಏಳಲಿಲ್ಲ. "ಎಂಥ ಕೈ ಇದು, ನಮ್ಮನೆ ಅನ್ನ ಸೇರೂದಿಲ್ವಾ" ಎಂದು ಅವಳು ಒಬ್ಬಳೇ ಅಡುಗೆಮನೆಯಲ್ಲಿ ಅತ್ತಳು. ತಾನು ಕೈಯೊಂದರ ಮೇಲೆ ಮುನಿಸಿಕೊಂಡಿದ್ದೇನೆ ಎನ್ನುವುದು ಅವಳಿಗೇ ವಿಚಿತ್ರವೆನಿಸುತ್ತಿತ್ತು.

ಅವಳನ್ನು ಹೆದರಿಸಿದ್ದು ಮತ್ತೊಂದು. ಸುಲೋಚನಮ್ಮ ಚಂದ್ರಶೇಖರನ ಮುಖ ನೋಡುತ್ತಿರಲಿಲ್ಲ. ಮಾತಾಡಿದರೂ ಕೈಯ ಹತ್ತಿರವೇ ಮಾತಾಡುತ್ತಿದ್ದಳು. ಅಂಗನವಾಡಿಗೆ ಹೊಸ ಮಕ್ಕಳು ಬಂದದ್ದು, ಬಚ್ಚಲ ಪೈಪು ಒಡೆದದ್ದು, ಎಲ್ಲವನ್ನೂ ಕೈಗೆ ಹೇಳುತ್ತಿದ್ದಳು. ಊಟವಾದ ಮೇಲೆ ಚೊಂಬಿನ ನೀರು ಹೊಯ್ದು ಕೈ ತೊಳೆಸಿ, ಸೆರಗಿನಿಂದ ಒಂದೊಂದೇ ಬೆರಳು ಒರೆಸುತ್ತಿದ್ದಳು. ಚಂದ್ರಶೇಖರ ಆಗ ಬೇರೆಯವರ ಮನೆಯಲ್ಲಿ ಕಾಯಲು ಕೂತವನಂತೆ ಗೋಡೆ ನೋಡುತ್ತಿರುತ್ತಿದ್ದ.

ಒಂದು ಭಾನುವಾರ ಹೋಗುವ ದಾರಿಯಲ್ಲಿ ಅವನು ಹೆಂಡತಿಗೆ ಹೇಳಿದ: "ನಿಂಗೊಂದು ಹೇಳ್ಬೇಕು. ಅಲ್ಲಿ ಉಂಡದ್ದು ಒಂದಿನವೂ ನನಗೆ ರುಚಿ ಗೊತ್ತಾಗಿಲ್ಲ. ಬಾಯಿಗೆ ಬರ್ತದೆ, ನುಂಗ್ತೇನೆ. ಹೊಟ್ಟೆ ತುಂಬೂದೂ ಇಲ್ಲ. ಮನೆಗೆ ಬಂದು ನೀನು ಕೊಟ್ಟ ಮೇಲೇ ಊಟ ಆದ ಹಾಗೆ."

"ಹಾಗಾದ್ರೆ ಇವತ್ತಿಗೆ ಸಾಕು" ಎಂದಳು ವನಜಮ್ಮ.

ಅಂದು ಊಟ ಮುಗಿದ ಮೇಲೆ ಸುಲೋಚನಮ್ಮ ತಾನಾಗಿ ಕೇಳಿದಳು. "ಒಂದೆರಡು ದಿನ ಇಲ್ಲೇ ಬಿಟ್ಟುಹೋಗಿ ಅಕ್ಕ. ನಾನು ನೋಡಿಕೊಳ್ತೇನೆ." ಯಾರನ್ನು ಎಂದು ಹೇಳಲಿಲ್ಲ.

"ಆಗೂದಿಲ್ಲ" ಎಂದು ವನಜಮ್ಮ ಎದ್ದು ನಿಂತಳು.

ಹೊರಡುವಾಗ ಚಂದ್ರಶೇಖರ ಜಗಲಿಯ ಗ್ರಿಲ್ ದಾಟಿ ಮೆಟ್ಟಿಲಿಗೆ ಕಾಲಿಟ್ಟ. ಕೈ ಹಿಂದೆಯೇ ಉಳಿಯಿತು. ಐದೂ ಬೆರಳು ಗ್ರಿಲ್ಲಿನ ಕಬ್ಬಿಣದ ಸರಳನ್ನು ಹಿಡಿದಿದ್ದವು. ಅವನು ಎಳೆದ. ಬಿಡಲಿಲ್ಲ. ನಯನ ಬೆರಳು ಬಿಡಿಸಲು ನೋಡಿದಳು, ವನಜಮ್ಮ ಮಣಿಕಟ್ಟು ಹಿಡಿದು ಜಗ್ಗಿದಳು. ಗೆಣ್ಣುಗಳು ಬೆಳ್ಳಗಾಗಿ ಉಗುರಿನ ಬುಡದಲ್ಲಿ ರಕ್ತ ಒಸರಿತು. "ನೋವಾಗ್ತಿದೆಯಾ ಅಪ್ಪಾ" ಎಂದರೆ ಅವನು ಇಲ್ಲವೆಂದು ತಲೆಯಾಡಿಸಿದ. ಊಟಕ್ಕೆ ಮೊದಲು ಹಾಕಿದ್ದ ಡ್ರಮ್ಮು ಒಳಗೆ ಫೋನಿನಲ್ಲಿ ಇನ್ನೂ ನಡೆಯುತ್ತಲೇ ಇತ್ತು. ನಯನ ಓಡಿಹೋಗಿ ಆರಿಸಿ ಬಂದಳು. ಆಗಲೂ ಹಿಡಿತ ಸಡಿಲಲಿಲ್ಲ.

ಸುಲೋಚನಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಮುಖದಲ್ಲಿ ಮೊದಲು ಸುಳಿದದ್ದು ಸಂತೋಷವೇ. ವನಜಮ್ಮ ಅದನ್ನು ಕಂಡಳು. ಕಂಡವಳು ಬೈಯಲಿಲ್ಲ.

"ಅಕ್ಕ, ಇವರು ನನ್ನ ಗಂಡ" ಎಂದಳು ಅಷ್ಟೇ.

ಸುಲೋಚನಮ್ಮ ಆಗ ಮೊದಲ ಬಾರಿಗೆ ಚಂದ್ರಶೇಖರನ ಮುಖ ನೋಡಿದಳು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಕೆಳಗೆ, ಹೆದರಿ ಬಿಳಿಚಿಕೊಂಡ, ಅರ್ಧ ನರೆತ ತಲೆಯ ಮನುಷ್ಯ. ಆಕೆ ಹತ್ತಿರ ಬಂದು ಸರಳಿನ ಮೇಲಿದ್ದ ಬೆರಳುಗಳ ಮೇಲೆ ತನ್ನ ಅಂಗೈ ಇಟ್ಟಳು. ಆಮೇಲೆ, ದಿನಾ ಬೆಳಿಗ್ಗೆ ಹೇಳುತ್ತಿದ್ದ ಮಾತನ್ನು ಹೇಳುವ ದನಿಯಲ್ಲಿ, "ಬಸ್ಸು ಬಂತು ಮಗಾ. ಹೊರಡು" ಎಂದಳು.

ಕಿರುಬೆರಳು ಬಿಟ್ಟಿತು. ಆಮೇಲೆ ಅದರ ಪಕ್ಕದ್ದು. ಹೆಬ್ಬೆರಳು ಕೊನೆಗೆ. ಕೈ ಜೋತುಬಿತ್ತು. ವನಜಮ್ಮ ಹಿಡಿದುಕೊಂಡಾಗ ಅದರ ಬಿಸಿ ಇಳಿಯುತ್ತಾ ಇತ್ತು.

"ಗಿಟಾರ್ ಇಲ್ಲೇ ಇರ್ಲಿ" ಎಂದಳು ಸುಲೋಚನಮ್ಮ. "ನೀವು ಇನ್ನು ಬರೂದು ಬೇಡ. ಬಂದ್ರೆ ನಾನು ಮತ್ತೆ ಕಳಿಸೂದಿಲ್ಲ." ಅವರು ಕಾರು ಹತ್ತುವ ಮೊದಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಯನ ಆ್ಯಪನ್ನು ಫೋನಿನಿಂದ ತೆಗೆದಳು. ಕೈ ಮತ್ತೆ ತಾಳ ಹಾಕಲಿಲ್ಲ, ನಿದ್ದೆಯಲ್ಲೂ ಇಲ್ಲ. ವಾರಗಟ್ಟಲೆ ಸತ್ತಂತೆಯೇ ಬಿದ್ದಿತ್ತು. ಚಂದ್ರಶೇಖರ ಒಮ್ಮೊಮ್ಮೆ ಅದನ್ನು ಎಡಗೈಯಲ್ಲಿ ಎತ್ತಿ ನೋಡಿ ಮತ್ತೆ ಮಡಿಲಲ್ಲಿಡುತ್ತಿದ್ದ. ಬಿಟ್ಟುಕೊಟ್ಟದ್ದು ತಪ್ಪಾಯಿತೋ ಎಂದು ವನಜಮ್ಮನಿಗೆ ಅನಿಸಿದ ದಿನಗಳೂ ಇದ್ದವು. ಸೌಂದರ್ಯಾ ಬಂದು ಚೆಂಡು ಹಿಸುಕಿಸುವುದು, ಬಟ್ಟೆ ಹಿಂಡಿಸುವುದು ಮಾಡುತ್ತಲೇ ಇದ್ದಳು.

ಮಳೆ ಹಿಂದಾದ ಮೇಲೆ ಒಂದು ಮಧ್ಯಾಹ್ನ ವನಜಮ್ಮ ಅನ್ನ ಬಡಿಸಿ ಸಾರು ತರಲು ಒಳಗೆ ಹೋಗಿದ್ದಳು. ತಿರುಗಿ ಬಂದಾಗ ಗಂಡನ ಬಲಗೈ ತಟ್ಟೆಯಲ್ಲಿತ್ತು. ಅವಳು ಮುಂದೆ ಬರಲಿಲ್ಲ. ಸೌಟು ಹಿಡಿದು ನಿಂತೇ ನೋಡಿದಳು. ಬೆರಳುಗಳು ನಡುಗುತ್ತಿದ್ದವು. ಅರ್ಧ ಮುಷ್ಟಿ ಅನ್ನ ಎತ್ತಿದರೆ ಅಂಗಿಯ ಮೇಲಷ್ಟು, ನೆಲಕ್ಕಷ್ಟು ಉದುರಿ, ಬಾಯಿ ಮುಟ್ಟುವಾಗ ನಾಲ್ಕು ಅಗುಳು ಉಳಿದಿತ್ತು. ಗಲ್ಲಕ್ಕೆಲ್ಲ ಮೆತ್ತಿಕೊಂಡಿತು.

ಚಂದ್ರಶೇಖರ ಅಗಿಯುತ್ತಾ ಅವಳತ್ತ ನೋಡಿದ. ಕಣ್ಣಲ್ಲಿ ನೀರು ಬಂದಿತ್ತು.

"ಹೆದರಬೇಡ, ನಂದೇ ಕೈ" ಎಂದ. "ನೋಡು, ಎಂತದೂ ಬರೂದಿಲ್ಲ ಇದಕ್ಕೆ."

ವನಜಮ್ಮ ತಟ್ಟೆಗೆ ಸಾರು ಹಾಕಿ ಅವನ ಎದುರು ಕುಳಿತಳು. ಅವನ ಊಟ ಮುಗಿಯಲು ಬಹಳ ಹೊತ್ತು ಹಿಡಿಯಿತು. ಅವಳು ಅಷ್ಟು ಹೊತ್ತೂ ಕೈ ಚಾಚದೆ ಕುಳಿತಿದ್ದಳು.